ಘಾಟಿ ಹತ್ತುವಾಗ ಮಾತ್ರ ಪಿಕಪ್ ಹೀಟ್ ಆಗುತ್ತದೆ, ರೇಡಿಯೇಟರ್ ಬದಲಿಸಲೇ?

ಪ್ರಶ್ನೆ: ನನ್ನದು ಹದಿನಾಲ್ಕು ವರ್ಷ ಹಳೆಯ ಡೀಸೆಲ್ ಪಿಕಪ್. ವಾರಕ್ಕೆ ಮೂರು ಸಲ ಮಂಗಳೂರಿನಿಂದ ಚಿಕ್ಕಮಗಳೂರಿಗೆ ಮೀನಿನ ಲೋಡ್. ಉಜಿರೆ ದಾಟುವವರೆಗೂ ಮೀಟರ್ ಮುಳ್ಳು ಅಲ್ಲಾಡುವುದಿಲ್ಲ. ಚಾರ್ಮಾಡಿಯ ನಾಲ್ಕೈದು ತಿರುವು ಹತ್ತಿದ ಮೇಲೆ ಏರತೊಡಗಿ, ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಕೆಂಪು ಗೆರೆಗೆ ಬಂದಿರುತ್ತದೆ. ಪ್ರತಿ ಸಲ ಎರಡು ಲೀಟರ್ ಬೋರ್‌ವೆಲ್ ನೀರು ಸೇರಿಸುತ್ತೇನೆ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆದುಹಾಕಿದರು, ಪ್ರಯೋಜನವಾಗಲಿಲ್ಲ. ಈಗ ರೇಡಿಯೇಟರ್ ಬದಲಿಸಿ ಎನ್ನುತ್ತಾರೆ. ಬದಲಿಸಲೇ?

ಉತ್ತರ: ಈಗಲೇ ಬೇಡ. ಗಾಡಿ ಎಲ್ಲಿ ಬಿಸಿಯಾಗುತ್ತದೆ ಎಂದು ಇಷ್ಟು ಸರಿಯಾಗಿ ಗಮನಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಸಮತಟ್ಟಾದ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟಿಯಲ್ಲಿ ಲೋಡ್ ಹೊತ್ತು ಎರಡನೇ ಗೇರಿನಲ್ಲಿ ತೆವಳುವಾಗ ಆ ಗಾಳಿ ಇಲ್ಲ, ಎಂಜಿನ್ ಮಾತ್ರ ಜೀವ ಹಿಡಿದು ದುಡಿಯುತ್ತಿರುತ್ತದೆ. ಗಾಳಿ ಎಳೆಯುವ ಹೊಣೆಯೆಲ್ಲ ಫ್ಯಾನಿನದು. ನನ್ನ ಮೊದಲ ಅನುಮಾನ ಫ್ಯಾನ್ ಕ್ಲಚ್ ಮೇಲೆ.

ಬೆಲ್ಟಿನಿಂದ ತಿರುಗುವ ಫ್ಯಾನಿನ ನಡುವೆ ದುಂಡಗಿನ ಡಬ್ಬಿಯಂಥದ್ದು ಇದ್ದರೆ ಅದೇ ಕ್ಲಚ್. ಒಳಗೆ ದಪ್ಪ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಆ ಎಣ್ಣೆ ಫ್ಯಾನನ್ನು ಗಟ್ಟಿಯಾಗಿ ಹಿಡಿಯಬೇಕು. ಹಳೆಯ ಗಾಡಿಗಳಲ್ಲಿ ಎಣ್ಣೆ ಸೋರಿ ಹಿಡಿತ ಸಡಿಲಾಗುತ್ತದೆ. ಎಂಜಿನ್ ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಕೀ ತೆಗೆದಿಟ್ಟು ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿ ಇರಬೇಕು. ತಳ್ಳಿದ ಮೇಲೂ ನಾಲ್ಕೈದು ಸುತ್ತು ತಾನಾಗಿ ತಿರುಗಿದರೆ, ಅಥವಾ ಡಬ್ಬಿಯ ಸುತ್ತ ಎಣ್ಣೆ ಜಿಡ್ಡಿನ ಗೆರೆ ಕಂಡರೆ ಕ್ಲಚ್ ಮುಗಿದಿದೆ. ಇನ್ನೊಂದು ಗುರುತು ಕಿವಿಗೇ ಸಿಗುತ್ತದೆ: ಮುಳ್ಳು ಏರುವಾಗ ಬಾನೆಟ್ ಒಳಗಿಂದ ಬಿರುಗಾಳಿಯಂಥ ಸದ್ದು ಬರಬೇಕು. ಮೊದಲು ಬರುತ್ತಿದ್ದ ಆ ಸದ್ದು ಈಗ ಇಲ್ಲವೆಂದು ನಿಮಗೆ ಅನ್ನಿಸುತ್ತದೆಯೇ, ನೆನಪು ಮಾಡಿಕೊಳ್ಳಿ.

ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ನನಗದು ಬೇಸರದ ಸಂಗತಿ. ಎಷ್ಟೋ ಎಂಜಿನ್‌ಗಳಲ್ಲಿ ಬಿಸಿಯಾದಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ವಾಲ್ವ್. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಮತ್ತೆ ಎಂಜಿನ್‌ಗೇ ಮರಳುತ್ತದೆ. ನಿಮ್ಮ ಎಂಜಿನ್‌ಗೆ ಹೇಳಿದ ಅಂಕೆಯ ಹೊಸದನ್ನೇ ಹಾಕಿಸಿ. ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುವಂಥದು. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಿ.

ಇನ್ನು ಆ ಎರಡು ಲೀಟರ್ ನೀರು ಹೋಗುವುದೆಲ್ಲಿಗೆ? ರೇಡಿಯೇಟರ್ ಮುಚ್ಚಳ ನೋಡಿ. ಸುಮಾರು 0.9 ಬಾರ್ ಒತ್ತಡ ಹಿಡಿದಿಡುವ ಮುಚ್ಚಳವಿದ್ದರೆ ನೀರು 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಒಡೆದಿದ್ದರೆ ನೂರರ ಹತ್ತಿರವೇ ಉಕ್ಕುತ್ತದೆ, ಘಾಟಿಯ ಎತ್ತರದಲ್ಲಿ ಇನ್ನೂ ಬೇಗ. ರಿಸರ್ವ್ ಬಾಟಲಿ ತುಂಬಿದ್ದು, ತಣಿದ ಮೇಲೆ ರೇಡಿಯೇಟರ್ ಖಾಲಿ ಇದ್ದರೆ, ನೀರನ್ನು ಮರಳಿ ಎಳೆಯಬೇಕಾದ ಮುಚ್ಚಳದ ಚಿಕ್ಕ ವಾಲ್ವ್ ಕೆಟ್ಟಿರಬಹುದು. ಕಡಿಮೆ ಖರ್ಚಿನ ಭಾಗ, ಮೊದಲು ಇದನ್ನೇ ಬದಲಿಸಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬೇಡಿ. ಹಬೆಗೆ ಮುಖ, ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಬೋರ್‌ವೆಲ್ ನೀರು ನಿಲ್ಲಿಸಿ. ಗಡಸು ನೀರಿನ ಸುಣ್ಣ, ಮನೆಯ ಹಂಡೆಯಲ್ಲಿ ಕಟ್ಟುವ ಹಾಗೆಯೇ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ. ನಮ್ಮಲ್ಲಿ ಹಿಮ ಬೀಳದಿದ್ದರೂ ತುಕ್ಕು ತಡೆಯಲು ಕೂಲೆಂಟ್ ಬೇಕು.

ಇಷ್ಟಾದ ಮೇಲೆ ರೇಡಿಯೇಟರ್. ಟಾರ್ಚ್ ಹಿಡಿದು ರೆಕ್ಕೆಗಳನ್ನು ನೋಡಿ. ಕರಾವಳಿಯ ಉಪ್ಪುಗಾಳಿ ಅವನ್ನು ತಿನ್ನುತ್ತದೆ. ಉಗುರಿನಿಂದ ಗೀರಿದರೆ ಪುಡಿಯಾಗಿ ಉದುರುವಂತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಬದಲಿಸಿ. ಗಟ್ಟಿಯಾಗಿದ್ದು ಬರೀ ಮಣ್ಣು, ಹುಳು ತುಂಬಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆದರೆ ಸಾಕು.

ಅಲ್ಲಿಯವರೆಗೆ ಘಾಟಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತೆರೆಯಿರಿ. ಕೆಂಪಿಗೆ ಮುಟ್ಟುವ ಮುನ್ನವೇ ಬದಿಗೆ ನಿಲ್ಲಿಸಿ, ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಎಂಜಿನ್ ಮೇಲ್ಭಾಗದ ಹೆಡ್ ಬಿರಿಯಬಹುದು. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಬಿಗಿದುಕೊಂಡರೆ ಹೆಡ್ ಗ್ಯಾಸ್ಕೆಟ್ (ಹೆಡ್ ಅಡಿಯಲ್ಲಿ ಕೂರುವ ಸೀಲ್) ಹೋಗಿರುವ ಸಾಧ್ಯತೆ ಹೆಚ್ಚು. ಆಗ ಲೋಡ್ ಹಾಕದೆ ನೇರ ಗ್ಯಾರೇಜಿಗೆ ಒಯ್ಯಿರಿ.