ವಾಲ್‌ಮಾರ್ಟ್ ಪಿಸ್ತೂಲಿನ ಗುಂಡು ಮಾರುವುದಿಲ್ಲ, ಬಂದೂಕು ಕಾಣುವಂತೆ ಒಳಗೆ ಬರಬೇಡಿ ಎನ್ನುತ್ತದೆ. ಇದು ಕಾನೂನೇ, ಅಂಗಡಿಯ ನಿಯಮವೇ?

ನೀವು ಕೇಳಿರುವುದು ಇಷ್ಟು: ಡಲ್ಲಾಸ್ ಪಕ್ಕ ಇದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, 9 ಎಂಎಂ ಪಿಸ್ತೂಲು ಕೊಂಡಿದ್ದೀರಿ. ವಾಲ್‌ಮಾರ್ಟಿನಲ್ಲಿ ಅದರ ಗುಂಡು ಸಿಗುವುದಿಲ್ಲ, ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಸಿಕ್ಕವರೆಲ್ಲ ಆ ಕಂಪನಿಯನ್ನು ಬೈಯುತ್ತಾರೆ. ಯಾಕೆ, ಇದರಲ್ಲಿ ಯಾವುದು ಕಾನೂನು, ಎಚ್-1ಬಿ ವೀಸಾದ ಗೆಳೆಯನನ್ನು ರೇಂಜಿಗೆ ಕರೆದುಕೊಂಡು ಹೋಗಬಹುದೇ?

ಗುಂಡು ಮಾರದಿರುವುದು ಕಂಪನಿಯ ತೀರ್ಮಾನ, ಕಾನೂನಲ್ಲ. ಬಂದೂಕು ಎದ್ದು ಕಾಣುವಂತೆ ತರಬೇಡಿ ಎಂಬುದು ವಾಲ್‌ಮಾರ್ಟ್ 2019ರಲ್ಲಿ ಮಾಡಿದ ಕೋರಿಕೆ. ಆದರೆ ಅದೇ ರಸ್ತೆಯ ಇನ್ನೊಂದು ಅಂಗಡಿಯ ಬಾಗಿಲಲ್ಲಿ ಅಂಟಿಸಿರುವ ಫಲಕಕ್ಕೆ ಕಾನೂನಿನ ಬಲ ಇರಬಹುದು, ಅದನ್ನು ಮೀರಿ ಒಳಗೆ ಕಾಲಿಟ್ಟರೆ ಅಪರಾಧ. ಇವೆರಡನ್ನೂ ಒಂದೇ ಎಂದು ತಿಳಿದವರೇ ತೊಂದರೆಗೆ ಸಿಕ್ಕುತ್ತಾರೆ.

ಮೊದಲು ಹಿನ್ನೆಲೆ. ವಾಲ್‌ಮಾರ್ಟ್ ಅಲಾಸ್ಕಾ ಬಿಟ್ಟು ಉಳಿದೆಡೆ ಪಿಸ್ತೂಲು ಮಾರುವುದನ್ನು 1990ರ ದಶಕದಲ್ಲೇ ನಿಲ್ಲಿಸಿತ್ತು. ಸೈನ್ಯದ ಬಂದೂಕನ್ನು ಹೋಲುವ ಎಆರ್-15 ಮಾದರಿಯ ರೈಫಲ್‌ಗಳನ್ನು 2015ರಲ್ಲಿ ಕೈಬಿಟ್ಟಿತು. ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ನಂತರ, 2018ರ ಫೆಬ್ರುವರಿ ಕೊನೆಯಲ್ಲಿ, ಬಂದೂಕು ಮತ್ತು ಗುಂಡು ಕೊಳ್ಳುವವರ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿತು. 2019ರ ಜುಲೈ 30ರಂದು ಮಿಸಿಸಿಪ್ಪಿಯ ಸೌತ್‌ಹೇವನ್ ಅಂಗಡಿಯಲ್ಲಿ ಇಬ್ಬರು ನೌಕರರು ಗುಂಡಿಗೆ ಬಲಿಯಾದರು. ನಾಲ್ಕು ದಿನ ಕಳೆದು, ಆಗಸ್ಟ್ 3ರಂದು, ಟೆಕ್ಸಾಸಿನ ಎಲ್ ಪಾಸೊ ಅಂಗಡಿಯಲ್ಲಿ ನಡೆದ ದಾಳಿಯಲ್ಲಿ 23 ಜನ ಪ್ರಾಣ ಕಳೆದುಕೊಂಡರು. ಸೆಪ್ಟೆಂಬರ್ 3ರಂದು ಕಂಪನಿಯ ಆಗಿನ ಮುಖ್ಯಸ್ಥ ಡಗ್ ಮೆಕ್‌ಮಿಲನ್ ನೌಕರರಿಗೆ ಪತ್ರ ಬರೆದರು: ಇದ್ದ ದಾಸ್ತಾನು ಮುಗಿದ ಮೇಲೆ ಪಿಸ್ತೂಲಿನ ಗುಂಡು ಇಲ್ಲ, .223 ಮತ್ತು 5.56 ಅಳತೆಯಂಥ ರೈಫಲ್ ಗುಂಡುಗಳೂ ಇಲ್ಲ, ಅಲಾಸ್ಕಾದಲ್ಲೂ ಪಿಸ್ತೂಲಿಲ್ಲ, ಓಪನ್ ಕ್ಯಾರಿ, ಅಂದರೆ ಬಂದೂಕು ಕಾಣುವಂತೆ ಒಯ್ಯುವುದು, ಮಾಡಬೇಡಿ ಎಂದು ಗ್ರಾಹಕರನ್ನು ಕೋರುತ್ತೇವೆ. ದೇಶದ ಗುಂಡಿನ ಮಾರುಕಟ್ಟೆಯಲ್ಲಿ ತಮಗಿರುವ ಸುಮಾರು 20 ಶೇಕಡಾ ಪಾಲು 6ರಿಂದ 9 ಶೇಕಡಾಕ್ಕೆ ಇಳಿಯಬಹುದು ಎಂದೂ ಅದರಲ್ಲೇ ಇತ್ತು.

ಬಂದೂಕು ಉಳ್ಳವರೆಲ್ಲರಿಗೂ ಒಂದೇ ಸಿಟ್ಟು ಎಂದುಕೊಳ್ಳಬೇಡಿ. ಬಂದೂಕುದಾರರ ದೊಡ್ಡ ಸಂಘಟನೆ ಎನ್‌ಆರ್‌ಎ ಇದನ್ನು ನಾಚಿಕೆಗೇಡು ಎಂದಿತು, ವಾಲ್‌ಮಾರ್ಟಿನಲ್ಲಿದ್ದ ಗ್ರಾಹಕರ ಸಾಲು ಇನ್ನು ಬೇರೆ ಅಂಗಡಿಗಳಲ್ಲಿ ನಿಲ್ಲುತ್ತದೆ ಎಂದಿತು. ಊರಿನ ಸಣ್ಣ ಬಂದೂಕಿನ ಅಂಗಡಿಯವರಿಗೆ ಒಳಗೊಳಗೇ ಖುಷಿಯಾಯಿತು. ವಿಂಚೆಸ್ಟರ್ ಕಂಪನಿಯ ಬಿಳಿ ಡಬ್ಬಿಯ 100 ಗುಂಡಿನ ಪ್ಯಾಕಿನ ಬೆಲೆಯಲ್ಲಿ ವಾಲ್‌ಮಾರ್ಟ್ ಜೊತೆ ಪೈಪೋಟಿ ಮಾಡುವುದು ಅವರಿಂದ ಆಗುತ್ತಲೇ ಇರಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಸಣ್ಣ ಪಟ್ಟಣದವರಿಗೆ. 50 ಮೈಲಿ ಸುತ್ತಮುತ್ತ ಬೇರೆ ಅಂಗಡಿ ಇಲ್ಲದ ಕಡೆ, ತರಕಾರಿ ತರಲು ಹೋದವರು ಅಲ್ಲೇ ಒಂದು ಡಬ್ಬಿ ಗುಂಡನ್ನೂ ತರುತ್ತಿದ್ದರು.

ನನ್ನ ಮಟ್ಟಿಗೆ ಗಟ್ಟಿಯಾದ ಆಕ್ಷೇಪವೆಂದರೆ ಕಂಪನಿ ಗೆರೆ ಎಳೆದ ಜಾಗದ ಬಗ್ಗೆ. ಗುಂಡಿನ ಅಳತೆ ನೋಡಿ ಅದರ ಉದ್ದೇಶ ಹೇಳಲಾಗುವುದಿಲ್ಲ. .223 ಗುಂಡನ್ನು ಎಆರ್-15 ಹಾರಿಸುತ್ತದೆ, ಹೌದು. ಆದರೆ ಕುರಿಮಂದೆಗೆ ನುಗ್ಗುವ ಕಯೋಟಿಗಳನ್ನು (ತೋಳದ ಜಾತಿಯ ಪ್ರಾಣಿ) ಹೊಡೆಯಲು ರೈತರು ಇಟ್ಟುಕೊಳ್ಳುವ, ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆಯಬೇಕಾದ ಬೋಲ್ಟ್ ಆಕ್ಷನ್ ರೈಫಲ್‌ಗೂ ಬಹಳ ಕಡೆ ಅದೇ ಗುಂಡು. ಪತ್ರದಲ್ಲೇ ಆ ಮಾತನ್ನು ಒಪ್ಪಿಕೊಂಡು, ಆದರೂ ನಿಲ್ಲಿಸುತ್ತೇವೆ ಎಂದರು. .357 ಮ್ಯಾಗ್ನಮ್ ಲೀವರ್ ರೈಫಲ್ ಇಟ್ಟುಕೊಂಡ ಜಿಂಕೆ ಬೇಟೆಗಾರನ ಗುಂಡು ಪಿಸ್ತೂಲಿನ ಗುಂಡಿನ ಲೆಕ್ಕಕ್ಕೆ ಸೇರಿ ಹೋಯಿತು. ಇತ್ತ .22 ಎಲ್‌ಆರ್ ಎಂಬ ಸಣ್ಣ ಗುಂಡು ಪಿಸ್ತೂಲಿಗೂ ಆಗುತ್ತದೆ, ರೈಫಲ್‌ಗೂ ಆಗುತ್ತದೆ. ಅದು ಕಪಾಟಿನಲ್ಲೇ ಉಳಿಯಿತು. .30-06, .308, .270, .243, 12 ಗೇಜ್, 20 ಗೇಜ್ ಎಂಬ ಬೇಟೆಯ ರೈಫಲ್, ಶಾಟ್‌ಗನ್ ಗುಂಡುಗಳೂ ಉಳಿದವು. ತಮ್ಮ ಅಂಗಡಿಯಲ್ಲಿ ಏನು ಮಾರಬೇಕು ಎಂಬುದು ಕಂಪನಿಗೆ ಬಿಟ್ಟದ್ದು, ಆ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಸುರಕ್ಷತೆಯ ಕಾರಣ ಕೊಟ್ಟ ಮೇಲೆ ಗೆರೆ ಆ ಕಾರಣಕ್ಕೆ ಹೊಂದಬೇಕಿತ್ತು.

ವಯಸ್ಸಿನ ವಿಷಯ ಇದಕ್ಕಿಂತ ಸರಳ. ಫೆಡರಲ್ ಕಾನೂನಿನಂತೆ ಪರವಾನಗಿ ಇರುವ ಅಂಗಡಿ ಪಿಸ್ತೂಲನ್ನೂ ಅದರ ಗುಂಡನ್ನೂ 21 ತುಂಬದವರಿಗೆ ಮಾರುವಂತಿಲ್ಲ. ರೈಫಲ್, ಶಾಟ್‌ಗನ್ ಮತ್ತು ಅವುಗಳ ಗುಂಡಿಗೆ 18 ಸಾಕು. ಅದಕ್ಕೇ ಬಹಳ ಅಂಗಡಿಗಳಲ್ಲಿ .22 ಡಬ್ಬಿ ಕೇಳಿದರೆ, ಕೊಳ್ಳುವವನ ಮುಖ ಎಳೆಯದಾಗಿದ್ದರೆ, "ಪಿಸ್ತೂಲಿಗೋ ರೈಫಲ್‌ಗೋ?" ಎಂದು ಕೌಂಟರಿನವರು ಕೇಳುವುದು. ವಾಲ್‌ಮಾರ್ಟಿನಲ್ಲಿ ಎಲ್ಲಕ್ಕೂ 21 ಆದ್ದರಿಂದ ಆ ಪ್ರಶ್ನೆಗೆ ಕೆಲಸವಿಲ್ಲ. ಕ್ರೀಡಾ ಸಾಮಾನು ಮಾರುವ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಕೂಡ 2018ರಲ್ಲಿ ಇದನ್ನೇ ಮಾಡಿತು. ಇನ್ನೂ ಮುಂದೆ ಹೋಗಿ, ತನ್ನಲ್ಲಿ ಉಳಿದಿದ್ದ ಸುಮಾರು 50 ಲಕ್ಷ ಡಾಲರ್ ಬೆಲೆಯ ರೈಫಲ್‌ಗಳನ್ನು ತಯಾರಕರಿಗೆ ವಾಪಸು ಕಳಿಸದೆ ನಾಶ ಮಾಡಿಸಿತು. ಬಂದೂಕುದಾರರನ್ನು ಕೆರಳಿಸಿದ್ದು ಮುಖ್ಯವಾಗಿ ಈ ಕೊನೆಯ ಕೆಲಸ. ಬಂದೂಕು ತಯಾರಿಸುವ ಮಾಸ್‌ಬರ್ಗ್, ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿಗಳು ಡಿಕ್ಸ್ ಜೊತೆಗಿನ ವ್ಯವಹಾರ ಮುರಿದುಕೊಂಡವು, ಬಂದೂಕು ಉದ್ಯಮದ ಸಂಘ ಅದನ್ನು ಸದಸ್ಯತ್ವದಿಂದಲೇ ತೆಗೆಯಿತು. ಮಾರಾಟದಲ್ಲಿ ಸುಮಾರು 25 ಕೋಟಿ ಡಾಲರ್ ಹೋಯಿತು ಎಂದು ಮುಖ್ಯಸ್ಥ ಎಡ್ ಸ್ಟ್ಯಾಕ್ ಆಮೇಲೆ ಹೇಳಿದರು. ಆರೆಗಾನ್‌ನಲ್ಲಿ 20 ವರ್ಷದ ಯುವಕನೊಬ್ಬ ವಾಲ್‌ಮಾರ್ಟ್, ಡಿಕ್ಸ್ ಎರಡರ ಮೇಲೂ ವಯಸ್ಸಿನ ತಾರತಮ್ಯದ ದಾವೆ ಹೂಡಿದ. ಆ ರಾಜ್ಯದಲ್ಲಿ 18 ದಾಟಿದ ಗ್ರಾಹಕರಿಗೆ ವಯಸ್ಸಿನ ಕಾರಣಕ್ಕೆ ಸೇವೆ ನಿರಾಕರಿಸಬಾರದು ಎಂಬ ಕಾಯ್ದೆ ಇರುವುದರಿಂದ ಅದಕ್ಕೆ ಆಧಾರವಿತ್ತು.

ಇನ್ನು ಓಪನ್ ಕ್ಯಾರಿ. ಇಲ್ಲಿ ಬಂದೂಕುದಾರರಲ್ಲೇ ಎರಡು ಪಂಗಡ. ಟೆಕ್ಸಾಸಿನಲ್ಲಿ 2016ರ ಜನವರಿ 1ರವರೆಗೆ ಪಿಸ್ತೂಲನ್ನು ಕಾಣುವಂತೆ ಒಯ್ಯುವಂತಿರಲಿಲ್ಲ, ಆದರೆ ರೈಫಲ್ ಒಯ್ಯಬಹುದಿತ್ತು. ಅದನ್ನು ಪ್ರತಿಭಟಿಸಲು ಕೆಲವರು ಹೆಗಲಿಗೆ ರೈಫಲ್ ಹಾಕಿಕೊಂಡು ಹೋಟೆಲು, ಅಂಗಡಿಗಳಿಗೆ ನುಗ್ಗಿ ಫೋಟೊ ತೆಗೆಸಿಕೊಂಡರು. ಫಲ ಏನಾಯಿತು? 2014ರ ಮೇ ತಿಂಗಳಲ್ಲಿ ಚಿಪೋಟ್ಲೆ ಹೋಟೆಲಿನವರು, ಜುಲೈನಲ್ಲಿ ಟಾರ್ಗೆಟ್ ಅಂಗಡಿಯವರು ಬಂದೂಕು ತರಬೇಡಿ ಎಂದರು. ಅದಕ್ಕೂ ಮೊದಲು, 2013ರಲ್ಲಿ, ಸ್ಟಾರ್‌ಬಕ್ಸ್‌ನದೂ ಇದೇ ಕಥೆ. ರಾಜ್ಯದ ಕಾನೂನು ಏನೋ ಅದೇ ನಮ್ಮ ನಿಯಮ ಎಂದು ಸುಮ್ಮನಿದ್ದ ಕಂಪನಿಯನ್ನು ಬಂದೂಕುದಾರರು ತಮ್ಮ ಪರ ಎಂದು ಮೆರವಣಿಗೆ ಮಾಡಿದಂತೆ ಮಾಡಿದ್ದರಿಂದ ಅದು ಬೇಡ ಎನ್ನಬೇಕಾಯಿತು. ಎಲ್ ಪಾಸೊ ದುರಂತವಾಗಿ ಐದೇ ದಿನಕ್ಕೆ ಮಿಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಬ್ಬ ಯುವಕ ಗುಂಡುನಿರೋಧಕ ಕವಚ ತೊಟ್ಟು, ರೈಫಲ್ ಹಿಡಿದು ವಾಲ್‌ಮಾರ್ಟಿಗೆ ಹೋದ. ಕಂಪನಿ ತನ್ನ ಹಕ್ಕನ್ನು ಗೌರವಿಸುತ್ತದೋ ಇಲ್ಲವೋ ನೋಡಲು ಹೋಗಿದ್ದೆ ಎಂದ. ಮ್ಯಾನೇಜರ್ ಬೆಂಕಿಯ ಅಲಾರಂ ಒತ್ತಿ ಜನರನ್ನು ಹೊರಗೆ ಕಳಿಸಬೇಕಾಯಿತು. ಪರೀಕ್ಷೆ ಮಾಡಲೆಂದೇ ಆಯುಧ ಹಿಡಿದು ಬರುವವರಿಂದ ನೌಕರರು, ಗ್ರಾಹಕರು ಹೆದರುತ್ತಾರೆ ಎಂಬ ಕಾರಣ ಮೆಕ್‌ಮಿಲನ್ ಪತ್ರದಲ್ಲೂ ಇದೆ. ಅಂಗಿಯ ಕೆಳಗೆ ಪಿಸ್ತೂಲಿಟ್ಟು ತಮ್ಮ ಪಾಡಿಗೆ ಹಾಲು, ಬ್ರೆಡ್ ತಂದುಕೊಳ್ಳುತ್ತಿದ್ದ ಸಾವಿರಾರು ಜನರ ಪಾಲಿಗೆ ಬಾಗಿಲುಗಳು ಮುಚ್ಚುತ್ತಾ ಬಂದದ್ದು ಇಂಥವರಿಂದ ಎಂದು ನನ್ನ ದೃಢ ಅಭಿಪ್ರಾಯ. ವಾಲ್‌ಮಾರ್ಟ್ ಆಗಲೂ ಪರವಾನಗಿ ಇದ್ದು ಮರೆಯಲ್ಲಿ ಒಯ್ಯುವವರ ತಂಟೆಗೆ ಬರಲಿಲ್ಲ.

ನೀವು ಟೆಕ್ಸಾಸಿನಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಬಾಗಿಲಿನ ಫಲಕ. ಅದರ ಮೇಲಿನ ನಂಬರು ರಾಜ್ಯದ ದಂಡಸಂಹಿತೆಯ ಕಲಮಿನದು, ಗುಂಡಿನ ಅಳತೆಯಲ್ಲ. 30.06 ಎಂದರೆ ಬಂದೂಕು ಒಯ್ಯುವ ಲೈಸೆನ್ಸ್ ಇದ್ದವರೂ ಮರೆಯಲ್ಲಿಟ್ಟ ಪಿಸ್ತೂಲು ತರಬಾರದು. 30.07 ಎಂದರೆ ಲೈಸೆನ್ಸ್ ಇದ್ದವರೂ ಕಾಣುವಂತೆ ತರಬಾರದು. 2021ರ ಸೆಪ್ಟೆಂಬರ್ 1ರಿಂದ 21 ತುಂಬಿದವರು ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದಾದ್ದರಿಂದ, ಅಂಥವರನ್ನು ತಡೆಯಲು 30.05 ಎಂಬ ಮೂರನೆಯದು ಬಂತು. 30.06, 30.07 ಫಲಕಗಳಲ್ಲಿ ಕಾನೂನು ಹೇಳಿದ ಒಕ್ಕಣೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿರಬೇಕು, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು. ಹಾಗಾಗಿ ನಿಜವಾದ ಫಲಕ ದೊಡ್ಡದಾಗಿಯೇ ಇರುತ್ತದೆ. ಬಂದೂಕಿನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಅಂಗೈ ಅಗಲದ ಸ್ಟಿಕ್ಕರ್ ಲೈಸೆನ್ಸ್ ಉಳ್ಳವರಿಗೆ ಈ ನೋಟಿಸಿಗೆ ಸಮವಲ್ಲ. ಲೈಸೆನ್ಸ್ ಇಲ್ಲದೆ ಒಯ್ಯುವವರು ಈ ವಾದವನ್ನು ನೆಚ್ಚಿಕೊಳ್ಳಬೇಡಿ. ಸರಿಯಾದ ಫಲಕ ಮೀರಿದರೆ 200 ಡಾಲರ್‌ವರೆಗೆ ದಂಡ. ಬಾಯಿಮಾತಿನಲ್ಲಿ ಹೊರಗೆ ಹೋಗಿ ಎಂದ ಮೇಲೂ ನಿಂತರೆ ಅದು ಕ್ಲಾಸ್ ಎ ಅಪರಾಧವಾಗುತ್ತದೆ: ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಫಲಕವೇ ಇಲ್ಲದ ಅಂಗಡಿಯಲ್ಲೂ ನೌಕರರು ಹೋಗಿ ಎಂದರೆ ಆ ಕ್ಷಣವೇ ಹೊರಡಿ. ಅಲ್ಲಿ ನಿಂತು ಕಾನೂನು ಚರ್ಚಿಸಬೇಡಿ. ಗಂಟೆಯ ಲೆಕ್ಕದಲ್ಲಿ ದುಡಿಯುವ ಆ ಹುಡುಗ ಹುಡುಗಿಯರು ಈ ನಿಯಮ ಬರೆದವರಲ್ಲ. ದೂರು ಹೇಳಬೇಕೆಂದರೆ ಕಂಪನಿಯ ಮುಖ್ಯ ಕಚೇರಿಗೆ ಬರೆಯಿರಿ, ವ್ಯಾಪಾರ ಬೇರೆ ಕಡೆ ಮಾಡಿ. ಟೆಕ್ಸಾಸ್ ದಾಟಿದರೆ ಈ ನಂಬರುಗಳು ನಡೆಯುವುದಿಲ್ಲ, ಪ್ರತಿ ರಾಜ್ಯಕ್ಕೂ ಅದರದೇ ನಿಯಮ.

9 ಎಂಎಂ ಗುಂಡು ಎಲ್ಲಿ ತರುವುದು? ಅಕಾಡೆಮಿ ಸ್ಪೋರ್ಟ್ಸ್, ಬಾಸ್ ಪ್ರೊ, ಊರಿನ ಬಂದೂಕಿನ ಅಂಗಡಿ. ಅಭ್ಯಾಸಕ್ಕೆ 115 ಗ್ರೇನ್ ತೂಕದ, ಹಿತ್ತಾಳೆ ಕವಚದ ಎಫ್‌ಎಂಜೆ (ಲೋಹದ ಹೊದಿಕೆಯ ಗುಂಡು) ಸಾಕು. ಆನ್‌ಲೈನಿನಲ್ಲಿ 1,000 ಗುಂಡಿನ ಕೇಸ್ ತರಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ, ಆದರೆ ತೂಕ ಹತ್ತಿರ ಹತ್ತಿರ 12 ಕಿಲೊ, ಸಾಗಣೆ ಖರ್ಚು ಸೇರಿಸಿ ಲೆಕ್ಕ ಹಾಕಿ. ಟೆಕ್ಸಾಸಿನಲ್ಲಿ ನೇರ ಮನೆಗೇ ಬರುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನಲ್ಲಿ ಹಾಗೆ ತರಿಸುವ ಯೋಚನೆ ಬಿಡಿ, ಅಲ್ಲಿ ಗುಂಡಿಗೂ ಪ್ರತ್ಯೇಕ ನಿಯಮಗಳಿವೆ. ಅಂಚೆಯಲ್ಲಿ ಗುಂಡು ಕಳಿಸುವುದು ಎಲ್ಲೆಡೆಯೂ ನಿಷಿದ್ಧ. ಅಗ್ಗ ಎಂದು ಉಕ್ಕಿನ ಕವಚದ್ದು ಕೊಂಡರೆ ಎಷ್ಟೋ ಒಳಾಂಗಣ ರೇಂಜುಗಳು ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡಿ ವಾಪಸು ಕಳಿಸುತ್ತವೆ. 2020ರಂತೆ ಅಭಾವ ಬಂದಾಗ ಗಾಬರಿ ಬಿದ್ದು ಸಿಕ್ಕಿದ್ದನ್ನು ಕೊಳ್ಳುವುದು ಇನ್ನೊಂದು ತಪ್ಪು. ಮುಂದೆ ರೈಫಲ್ ಕೊಂಡರೆ ಇದು ನೆನಪಿರಲಿ: ನಳಿಕೆಯ ಮೇಲೆ .223 ಎಂದು ಮಾತ್ರ ಕೆತ್ತಿದ್ದರೆ ಅದರಲ್ಲಿ 5.56 ಗುಂಡು ಹಾಕಬೇಡಿ. ಹೊರಗಿನ ಅಳತೆ ಒಂದೇ ಥರ, ಕೂರುತ್ತದೆ ಕೂಡ. ಆದರೆ ನಳಿಕೆಯ ಏಣುಗಳು ಶುರುವಾಗುವ ಮೊದಲಿನ ಖಾಲಿ ಜಾಗ .223ರಲ್ಲಿ ಗಿಡ್ಡ, ಒತ್ತಡ ಮಿತಿ ಮೀರಬಹುದು. ಖಾಲಿ ಕವಚ ಹೊರಬರಲು ಹಟ ಮಾಡುವುದು, ಕಿಡಿ ಹೊತ್ತಿಸುವ ಹಿಂಬದಿಯ ಪ್ರೈಮರ್ ಚಪ್ಪಟೆಯಾಗುವುದು ಅಥವಾ ಕಳಚಿ ಬೀಳುವುದು ಅದರ ಲಕ್ಷಣ. 5.56 ಎಂದು ಕೆತ್ತಿದ ನಳಿಕೆಗೆ ಎರಡೂ ಆಗುತ್ತವೆ.

ಇನ್ನು ನಿಮ್ಮ ಗೆಳೆಯ. ಇಲ್ಲಿಯವರೆಗೆ ಹೇಳಿದ್ದು ಕಾನೂನಿಗಿಂತ ಅಂಗಡಿ ಬಿಗಿಯಾಗಿರುವ ಸಂಗತಿ. ಇದು ಅದಕ್ಕೆ ತಿರುವುಮುರುವು, ನಮ್ಮವರು ಹೆಚ್ಚಾಗಿ ಎಡವುವುದೂ ಇಲ್ಲೇ. ಕೆಲಸದ ಎಚ್-1ಬಿ, ಅವರ ಕುಟುಂಬದ ಎಚ್-4, ವಿದ್ಯಾರ್ಥಿಗಳ ಎಫ್-1, ಪ್ರವಾಸಿ ವೀಸಾ, ಯಾವುದರಲ್ಲಿ ಬಂದಿದ್ದರೂ ಫೆಡರಲ್ ಕಾನೂನಿನಂತೆ ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ಹೊಂದಿದ್ದೇ. ಬಂದೂಕು ಕೊಳ್ಳುವಾಗ 4473 ನಮೂನೆಯಲ್ಲಿ ವೀಸಾ ವಿಚಾರ ಬರುತ್ತದೆ, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಗುಂಡಿಗೆ ಟೆಕ್ಸಾಸಿನಲ್ಲಿ ಅಂಥ ನಮೂನೆ ಇಲ್ಲ. ಕೌಂಟರಿನವರು ನೋಡುವುದು ಡ್ರೈವಿಂಗ್ ಲೈಸೆನ್ಸಿನ ಹುಟ್ಟಿದ ದಿನಾಂಕ. ಅಂಗಡಿ ಕೊಟ್ಟಿತು, ಅದಕ್ಕೇ ತಗೊಂಡೆ ಎಂದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ವೀಸಾ ಉಳಿಯುವುದೂ ಕಷ್ಟ. ಮನೆಗೆ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಲಿ, ಬೀಗದ ಸಂಖ್ಯೆ ನಿಮಗೆ ಮಾತ್ರ ಗೊತ್ತಿರಲಿ. ಕೊಡಗಿನವರು ಹುಟ್ಟಿನಿಂದ ಕೋವಿ ಕಂಡವರು, ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಇದೆ. ಆ ವಿನಾಯಿತಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಒಂದು ದಾರಿ ಮಾತ್ರ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧದಿಂದ ವಿನಾಯಿತಿ ಸಿಗುತ್ತದೆ. ಟೆಕ್ಸಾಸ್ ಬೇಟೆ ಲೈಸೆನ್ಸನ್ನು ವಾಲ್‌ಮಾರ್ಟ್, ಅಕಾಡೆಮಿಯ ಸ್ಪೋರ್ಟ್ಸ್ ಕೌಂಟರಿನಲ್ಲೇ ಕೊಡುತ್ತಾರೆ. ಗೆಳೆಯ ಅದನ್ನು ಕೊಂಡು, ಪಾಸ್‌ಪೋರ್ಟ್ ಮತ್ತು ದೇಶ ಪ್ರವೇಶದ ದಾಖಲೆಯಾದ ಐ-94 ಪ್ರತಿಯ ಜೊತೆ ಕಿಸೆಯಲ್ಲಿಟ್ಟುಕೊಂಡ ಮೇಲೆ ರೇಂಜಿಗೆ ಕರೆದುಕೊಂಡು ಹೋಗಿ. ಕೊಳ್ಳುವ ತಿಂಗಳನ್ನು ಮಾತ್ರ ನೋಡಿಕೊಳ್ಳಲಿ: ಅಲ್ಲಿ ಲೈಸೆನ್ಸಿನ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಪೂರ್ತಿ ಹಣ ಕೊಟ್ಟು ಕೊಂಡಿದ್ದರೂ ಸೆಪ್ಟೆಂಬರ್ ಮೊದಲ ವಾರ ರೇಂಜಿಗೆ ಹೋಗಬೇಕಾದರೆ ಹೊಸದು ಬೇಕು.