ಬೇಜಾರು ಎಲ್ಲಿ ಮುಗಿಯುತ್ತದೆ, ಕಾಯಿಲೆ ಎಲ್ಲಿ ಶುರುವಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ನರ್ಸಿಂಗ್ ಓದುವ ಮಕ್ಕಳದ್ದೇ ಜಾಸ್ತಿ. ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದಲ್ಲಿದ್ದೇನೆ. ಮಾನಸಿಕ ಆರೋಗ್ಯದ ಡೆಫಿನಿಷನ್ ಬಾಯಿಪಾಠ ಆಗಿದೆ. ಆದರೆ ನನ್ನ ರೂಮ್‌ಮೇಟ್ ವಿಷಯದಲ್ಲಿ ಅದು ಉಪಯೋಗಕ್ಕೆ ಬರುತ್ತಿಲ್ಲ. ಅವಳ ಅಪ್ಪ ತೀರಿಹೋಗಿ ಎರಡು ತಿಂಗಳಾಯ್ತು. ಈಗಲೂ ರಾತ್ರಿ ಅಳುತ್ತಾಳೆ. ಇದು ದುಃಖವಾ, ಡಿಪ್ರೆಶನ್ನಾ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅಪ್ಪನನ್ನು ಕಳೆದುಕೊಂಡವಳ ಅಳು ಎರಡು ತಿಂಗಳಿಗೆ ನಿಲ್ಲಲೇಬೇಕು ಅಂತೇನಿಲ್ಲ. ಅಳು ನಿಂತ ಮೇಲೆ ಅವಳು ಹೇಗಿರುತ್ತಾಳೆ, ಅದನ್ನು ನೋಡಿ. ದುಃಖ ಅಲೆ ಅಲೆಯಾಗಿ ಬರುತ್ತದೆ. ಹಬ್ಬ ಬಂದರೆ, ಫೋನಿನಲ್ಲಿ ಹಳೇ ಫೋಟೊ ಸಿಕ್ಕರೆ ಉಕ್ಕುತ್ತದೆ, ಆಮೇಲೆ ಇಳಿಯುತ್ತದೆ, ನಡುವೆ ಅವಳು ಮೆಸ್ಸಿನಲ್ಲಿ ಇಷ್ಟದ ಪಲ್ಯ ಇದ್ದರೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾಳೆ, ನಿಮ್ಮ ಜೊತೆ ನಗುತ್ತಾಳೆ ಕೂಡ. ಡಿಪ್ರೆಶನ್ ಹಾಗಲ್ಲ. ದಿನದ ಬಹುಪಾಲು ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರಕ್ಕೂ ಮೇಲೆ ಮನಸ್ಸು ಕುಗ್ಗೇ ಇರುತ್ತದೆ. ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವಾಗುತ್ತದೆ. ನಿದ್ದೆ, ಹಸಿವು ಕೆಡುತ್ತವೆ. ಓದಿದ್ದು ತಲೆಗೆ ಹತ್ತುವುದಿಲ್ಲ. 'ನಾನು ಯಾತಕ್ಕೂ ಬಾರದವಳು' ಅನ್ನುವ ಮಾತು ಬರುತ್ತದೆ. ದುಃಖದಲ್ಲಿ ಅಪ್ಪ ಇಲ್ಲ ಅನ್ನುವ ನೋವು ದೊಡ್ಡದು, ಡಿಪ್ರೆಶನ್ನಿನಲ್ಲಿ ತಾನೇ ಬೇಡ ಅನ್ನಿಸುವುದು ಜಾಸ್ತಿ. ಎರಡೂ ಒಟ್ಟಿಗೆ ಇರಬಹುದು, ಹಾಗಾಗಿ ಪತ್ರ ಓದಿ ನಾನು ತೀರ್ಮಾನ ಹೇಳಲಾರೆ.

'ಸಾಯಬೇಕು ಅನ್ನಿಸುತ್ತಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಹಗುರ ಅನ್ನಿಸುತ್ತದೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ. ವಾರ್ಡನ್‌ಗೂ ಮನೆಯವರಿಗೂ ತಿಳಿಸಿ, ಅವತ್ತೇ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಡೆಫಿನಿಷನ್ನಿಗೂ ಬರುತ್ತೇನೆ. ಬದುಕಿನ ಒತ್ತಡ ನಿಭಾಯಿಸುವುದು, ಕಲಿಯುವುದು, ಕೆಲಸ ಮಾಡುವುದು, ನಾಲ್ಕು ಜನರ ಜೊತೆ ಸೇರಿ ಬಾಳುವುದು, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾನಸಿಕ ಆರೋಗ್ಯದ ತಿರುಳು. ಅದರ ಪಕ್ಕದಲ್ಲಿ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯನ್ನು ಇಟ್ಟು ಓದಿ. ಯೋಚನೆ, ಭಾವ, ಗ್ರಹಿಕೆ, ಸ್ಥಳ-ಕಾಲದ ಅರಿವು, ನೆನಪು ಇವುಗಳಲ್ಲಿ ದೊಡ್ಡ ಏರುಪೇರಾಗಿ, ದಿನದ ಬದುಕು ನಡೆಸುವುದಕ್ಕೇ ಕಷ್ಟವಾದರೆ ಅದು ಕಾಯಿಲೆ ಅನ್ನುತ್ತದೆ ಕಾಯ್ದೆ. ಆ ಐದೂ ನೀವು ವಾರ್ಡಿನಲ್ಲಿ ಮೆಂಟಲ್ ಸ್ಟೇಟಸ್ ಪರೀಕ್ಷೆ, ಅಂದರೆ ರೋಗಿಯ ಮನಸ್ಥಿತಿಯ ತಪಾಸಣೆ, ಬರೆಯುವಾಗ ತುಂಬಿಸುವ ಕಾಲಮ್‌ಗಳೇ ಅಲ್ವಾ? ಬುದ್ಧಿಮಾಂದ್ಯವನ್ನು ಕಾಯ್ದೆ ಇದರಲ್ಲಿ ಸೇರಿಸಿಲ್ಲ. ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಜಾಸ್ತಿ.

ಪ್ರಶ್ನೆ: ನಮ್ಮ ಸೋದರತ್ತೆಗೆ ಜಾತ್ರೆಯಲ್ಲಿ ಮೈಮೇಲೆ ದೇವರು ಬರುತ್ತದೆ. ಕ್ಲಾಸಿನಲ್ಲಿ ಪಾಠ ಕೇಳಿದ ಮೇಲೆ ಭಯ ಆಗಿದೆ. ಇದು ಕಾಯಿಲೆಯಾ?
— ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಊರಿನವರೆಲ್ಲ ಒಪ್ಪಿದ ಜಾಗದಲ್ಲಿ, ಒಪ್ಪಿದ ಹೊತ್ತಿನಲ್ಲಿ ಬಂದು, ಮಾರನೇ ದಿನ ಅತ್ತೆ ಎಂದಿನಂತೆ ರೊಟ್ಟಿ ತಟ್ಟುತ್ತಾರೆ ಅಂದರೆ ಅದಕ್ಕೆ ಕಾಯಿಲೆಯ ಹೆಸರು ಹಚ್ಚಬೇಡಿ. ಜನ ಹಂಚಿಕೊಂಡ ನಂಬಿಕೆ ಬೇರೆ, ಕಾಯಿಲೆ ಬೇರೆ. ಜಾತ್ರೆ ಮುಗಿದ ಮೇಲೂ ಬರುತ್ತಿದ್ದರೆ, ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೆ, ಊಟ ಸ್ನಾನ ಬಿಟ್ಟಿದ್ದರೆ, 'ಇದು ಮೊದಲಿನ ಹಾಗಿಲ್ಲ' ಅಂತ ಅದೇ ನಂಬಿಕೆಯ ಮನೆಯವರೇ ಹೇಳುತ್ತಿದ್ದರೆ ಆಗ ತೋರಿಸಿ.

ಪ್ರಶ್ನೆ: ಮಾನಸಿಕ ರೋಗಿಗಳ ವಾರ್ಡಿನ ಪೋಸ್ಟಿಂಗ್‌ನಲ್ಲಿ ಒಬ್ಬ ಅಮ್ಮ ಊಟ ಮುಟ್ಟುತ್ತಿಲ್ಲ. ವಿಷ ಹಾಕಿದ್ದೀರಿ ಅನ್ನುತ್ತಾರೆ. ಏನು ಹೇಳಲಿ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ನಾನು ವಿದ್ಯಾರ್ಥಿನಿಯಾಗಿದ್ದಾಗ ಇಂಥವರೇ ಒಬ್ಬರಿದ್ದರು. 'ವಿಷ ಇಲ್ಲಮ್ಮ, ನೋಡಿ' ಅಂತ ಅವರ ತಟ್ಟೆಯಿಂದ ಒಂದು ತುತ್ತು ನಾನೇ ತಿಂದು ತೋರಿಸಿದೆ. ಅವರು ನನ್ನನ್ನೂ ವಿಷ ಹಾಕುವವರ ಗುಂಪಿಗೇ ಸೇರಿಸಿಬಿಟ್ಟರು. ಅವತ್ತು ರಾತ್ರಿ ನೀರನ್ನೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನನಗೆ ಈಗಲೂ ಅದು ನೋವು.

ಕತ್ತಲಲ್ಲಿ ಹಗ್ಗ ಬಿದ್ದಿದೆ, ಹಾವು ಅಂತ ಹಾರಿಬಿದ್ದಿರಿ, ಇದು ಇಲ್ಯೂಷನ್. ಹಗ್ಗವೇ ಇಲ್ಲ, ಆದರೂ ಹಾವು ಕಾಣುತ್ತಿದೆ, ಇದು ಹ್ಯಾಲುಸಿನೇಷನ್. ಹಾವನ್ನು ನನ್ನ ಕೊಲ್ಲೋಕೆ ಅಂತಲೇ ಪಕ್ಕದ ಮನೆಯವರು ಬಿಟ್ಟಿದ್ದಾರೆ, ಎಷ್ಟು ಪುರಾವೆ ಕೊಟ್ಟರೂ ನಂಬಿಕೆ ಅಲ್ಲಾಡುವುದಿಲ್ಲ, ಇದು ಡೆಲ್ಯೂಷನ್. ಪುರಾವೆಗೆ ಜಗ್ಗದೇ ಇರುವುದೇ ಅದರ ಗುಣ. ಊಟಕ್ಕೆ ವಿಷ ಹಾಕಿದ್ದಾರೆ ಅನ್ನುವ ನಂಬಿಕೆಯೂ ಇಂಥದ್ದೇ. ಆದ್ದರಿಂದ ವಾದ ಮಾಡಿದರೆ ಗೆಲ್ಲುವುದಿಲ್ಲ. ಹೌದು ಹೌದು ಅಂತ ತಲೆಯಾಡಿಸಿದರೆ ಅದೂ ಸುಳ್ಳು, ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ವಿಷ ಸುಳ್ಳಿರಬಹುದು, ಅವರ ಹೆದರಿಕೆ ಸುಳ್ಳಲ್ಲ. ಅದನ್ನು ಹಿಡಿದು ಮಾತಾಡಿ. 'ಊಟ ನೋಡಿದರೆ ನಿಮಗೆ ತುಂಬಾ ಭಯ ಆಗ್ತಿದೆ ಅಲ್ವಾ ಅಮ್ಮ. ನನಗೆ ಹಾಗೆ ಅನ್ನಿಸ್ತಿಲ್ಲ, ಆದರೆ ನಿಮ್ಮ ಜೊತೆ ಕೂತಿರ್ತೀನಿ.' ಇಷ್ಟು ಸಾಕು. ಸಿಪ್ಪೆ ಸುಲಿಯದ ಬಾಳೆಹಣ್ಣು, ಸಿಪ್ಪೆಯಿರುವ ಬೇಯಿಸಿದ ಮೊಟ್ಟೆ, ಒಡೆಯದ ಬಿಸ್ಕತ್ ಪ್ಯಾಕೆಟ್ ಕೊಟ್ಟು ನೋಡಿ, ಎಲ್ಲರಿಗೂ ಬಡಿಸುವ ಪಾತ್ರೆಯಿಂದ ಅವರೇ ಹಾಕಿಕೊಳ್ಳಲಿ. ಎಷ್ಟು ತಿಂದರು, ಎಷ್ಟು ನೀರು ಕುಡಿದರು, ತೂಕ ಎಷ್ಟು, ಎಲ್ಲ ಬರೆದಿಡಿ. ಕಿವಿಯಲ್ಲಿ ದನಿ ಕೇಳಿಸುತ್ತದೆ ಅಂದರೆ ಅದು ಏನು ಹೇಳುತ್ತದೆ ಅಂತ ಕೇಳಿ. 'ಸಾಯಿ', 'ಹೊಡಿ' ಅನ್ನುವ ದನಿಯಾದರೆ ಆ ಕ್ಷಣವೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಬೇಕು.

ಪ್ರಶ್ನೆ: ನನಗೆ ಸರ್ಜಿಕಲ್ ವಾರ್ಡ್ ಇಷ್ಟ. ಸೈಕಿಯಾಟ್ರಿ ಯಾಕೆ ಓದಬೇಕು?
— ವಿದ್ಯಾರ್ಥಿ, ಹಾಸನ

ಉತ್ತರ: ಕಾಲು ಮುರಿದು ಸೇರಿದ ರೋಗಿ ಮೂರನೇ ರಾತ್ರಿ ಬೆವರುತ್ತಾ, ಕೈ ನಡುಗಿಸುತ್ತಾ, ಹಾಸಿಗೆ ಮೇಲೆ ಇರುವೆ ಹರೀತಿವೆ ಅಂತ ಕೂಗಿದರೆ 'ತಲೆ ಕೆಟ್ಟಿದೆ, ಕಟ್ಟಿ ಹಾಕಿ' ಅನ್ನುವವರು ನಿಮ್ಮ ಸುತ್ತ ಇರುತ್ತಾರೆ. ದಿನಾ ಕುಡಿಯುತ್ತಿದ್ದವರಿಗೆ ಕುಡಿತ ಏಕಾಏಕಿ ನಿಂತಾಗ, ಎರಡರಿಂದ ನಾಲ್ಕು ದಿನದೊಳಗೆ ಹೀಗಾಗಬಹುದು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಅದಕ್ಕೇ ಅಡ್ಮಿಷನ್ ದಿನವೇ ಕುಡಿತದ ಬಗ್ಗೆ ಕೇಳಿ. ಎಲ್ಲರೆದುರು ಅವರು ಇಲ್ಲ ಅನ್ನಬಹುದು, ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ. ಕೊನೇ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ ಅನ್ನೋದನ್ನು ರಾತ್ರಿ ಡ್ಯೂಟಿಯವರ ಕಣ್ಣಿಗೆ ಬೀಳುವ ಹಾಗೆ ಕೇಸ್ ಶೀಟಿನಲ್ಲಿ ಬರೆಯಿರಿ.