ಪಕ್ಕದ ಬೆಂಚಿನವರ ಲೆಕ್ಕ

ಪ್ರಶ್ನೆ: ಮಗಳು ಐದನೇ ಕ್ಲಾಸು. ಗಣಿತಕ್ಕೆ ಒಂದು ಆ್ಯಪ್ ಹಾಕಿಕೊಟ್ಟಿದ್ದೇವೆ. ಲೆಕ್ಕ ತಪ್ಪಾದರೆ ‘ಬೇರೆ ಮಕ್ಕಳು ಹೀಗೆ ಮಾಡಿದರು’ ಅಂತ ಸುಳಿವು ಬರುತ್ತದೆ. ಯಾರೋ ಮಕ್ಕಳ ದಾರಿ ಇವಳಿಗೆ ಹೇಗೆ ಹೊಂದುತ್ತದೆ? ಮೇಷ್ಟ್ರು ಬರೆದ ವಿವರಣೆಯೇ ಒಳ್ಳೆಯದಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ಮೇಷ್ಟ್ರಿಗೆ ಲೆಕ್ಕ ಚೆನ್ನಾಗಿ ಗೊತ್ತು. ಆದರೆ ಅದು ತಮಗೆ ಕಷ್ಟವಾಗಿದ್ದ ದಿನ ಮರೆತುಹೋಗಿರುತ್ತದೆ. ಮೊನ್ನೆಯಷ್ಟೇ ಕಲಿತ ಪಕ್ಕದ ಬೆಂಚಿನ ಹುಡುಗಿಗೆ ಅದಿನ್ನೂ ನೆನಪಿದೆ.

52ರಲ್ಲಿ 38 ಕಳೆಯಲು ಹೇಳಿದರೆ ಕೆಲವು ಮಕ್ಕಳು 26 ಬರೆಯುತ್ತಾರೆ. 2ರಲ್ಲಿ 8 ಹೋಗಲ್ಲ ಅಂತ ಸುಮ್ನೆ 8ರಲ್ಲಿ 2 ಕಳೆದಿರುತ್ತಾರೆ. ಇದು ಕೈತಪ್ಪಲ್ಲ. ಮಗು ತಾನೇ ಕಟ್ಟಿಕೊಂಡ ನಿಯಮ. ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಇಂಥ ತಪ್ಪುಗಳ ಬಗ್ಗೆ ಬರೆದಿದ್ದರು. ಒಳ್ಳೆಯ ಆ್ಯಪ್ ಇಲ್ಲಿ ಕ್ಲಾಸಿಗೆ ಫಸ್ಟ್ ಬಂದವರ ಉತ್ತರ ತೋರಿಸಬಾರದು. ಮೊದಲು 26 ಬರೆದು, ಆಮೇಲೆ 14ಕ್ಕೆ ಬಂದ ಮಕ್ಕಳನ್ನು ಹುಡುಕಬೇಕು. ‘ಐವತ್ತರಲ್ಲಿ ಹತ್ತು ರೂಪಾಯಿಗೆ ಚಿಲ್ಲರೆ ಮಾಡಿಸಿಕೊಂಡೆ’ ಅಂತ ಅವರಲ್ಲೊಬ್ಬರು ಬರೆದಿದ್ದರೆ, ನಿಮ್ಮ ಮಗಳಿಗೆ ಬೇಕಾದ ಸುಳಿವು ಅದೇ.

ಅಮೆರಿಕದ ಟಿಫನಿ ಬಾರ್ನ್ಸ್ ಮತ್ತು ಜಾನ್ ಸ್ಟ್ಯಾಂಪರ್ 2008ರಲ್ಲಿ ‘ಹಿಂಟ್ ಫ್ಯಾಕ್ಟರಿ’ ಅಂತ ಒಂದು ವಿಧಾನ ತಂದರು. ಅದನ್ನು ಪ್ರಯೋಗಿಸಿದ್ದು ಕಾಲೇಜು ಮಕ್ಕಳ ತರ್ಕದ ಲೆಕ್ಕಗಳ ಮೇಲೆ. ಹಿಂದಿನ ವಿದ್ಯಾರ್ಥಿಗಳು ಇಟ್ಟ ಒಂದೊಂದು ಹೆಜ್ಜೆಯನ್ನೂ ಸೇರಿಸಿ ನಕ್ಷೆ ಮಾಡಿದರು. ಉತ್ತರ ಮುಟ್ಟಿದ ದಾರಿಗೆ ಅಂಕ ಜಾಸ್ತಿ, ತಪ್ಪಿಗೂ ಸುತ್ತುದಾರಿಗೂ ಕಡಿತ. ಹೊಸಬರು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಮುಂದಿನ ಹೆಜ್ಜೆಯ ಸುಳಿವು. ಯಾರೂ ನಡೆಯದ ಕಡೆ ನಿಂತರೆ ಮಾತ್ರ ಸುಳಿವಿಲ್ಲ. ಆಗ ಮೇಷ್ಟ್ರೇ ಗತಿ!

ವಿವರಣೆಯ ವಿಷಯಕ್ಕೆ ಬಂದರೆ, 2016ರಲ್ಲಿ ‘ಆಕ್ಸಿಸ್’ ಎಂಬ ಪ್ರಯೋಗ ನಡೆಯಿತು. ಕಲಿಯುವವರೇ ವಿವರಣೆ ಬರೆದರು, ನಂತರ ಬಂದವರು ಅದಕ್ಕೆ ಅಂಕ ಕೊಟ್ಟರು. ಹೆಚ್ಚು ಅಂಕ ಬಂದದ್ದನ್ನು ಯಂತ್ರ ಹೆಚ್ಚು ಜನರಿಗೆ ತೋರಿಸುತ್ತಾ ಹೋಯಿತು. ಹೀಗೆ ಸೋಸಿ ಉಳಿದ ವಿವರಣೆಗಳು ಅನುಭವಿ ಶಿಕ್ಷಕರು ಬರೆದದ್ದಕ್ಕೆ ಕಡಿಮೆಯೇನೂ ಇರಲಿಲ್ಲ. ಸೋಸದೆ ಕೊಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ.

ನನಗೆ ಅನುಮಾನ ಇರುವುದು ಬೇರೆ ಕಡೆ. ವಿವರಣೆ ಇಷ್ಟವಾಯಿತು ಅಂದರೆ ಲೆಕ್ಕ ಬಂತು ಅಂತಲ್ಲ. ಇವತ್ತು ಸಂಜೆ ಫೋನ್ ಎತ್ತಿಟ್ಟು, 71ರಲ್ಲಿ 46 ಕಳೆ ಅಂತ ಹೇಳಿ ನೋಡಿ. 25 ಬಂದರೆ ಸರಿ. 35 ಬಂದರೆ ಹಳೆಯ ನಿಯಮ ಇನ್ನೂ ತಲೆಯಲ್ಲೇ ಕೂತಿದೆ. ಆಗ ಪಕ್ಕದ ಮನೆಯ ಮಗುವನ್ನೇ ಕರೆದು ಜೊತೆಗೆ ಕೂರಿಸಿ.